ಅಡಿಕೆ ಸಿಪ್ಪೆಯಿಂದ ಹನ್ನೊಂದು ಮನೆಗೆ ಕರೆಂಟ್: ನಮ್ಮ ಕೇರಿಯ ಮೂರು ಮಳೆಗಾಲದ ಲೆಕ್ಕ

ಕೆಳಮನೆ ಅಜ್ಜಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಆ ವರ್ಷ ಪುನರ್ವಸು ಮಳೇಲಿ ಒಂಬತ್ತು ದಿನ ಕರೆಂಟ್ ಇರ್ಲಿಲ್ಲ, ಫ್ರಿಜ್ ಸುಮ್ನೆ ಒಂದು ಕಪಾಟಿನ ತರ ನಿಂತಿತ್ತು. ಅಜ್ಜಿ ಸೊಸೆ ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಅದರೊಳಗೆ ಔಷಧಿ ಇಟ್ಕೊಂಡು ಕಾಪಾಡಿದ್ರು. ಅದನ್ನ ನೋಡಿದ ದಿನಾನೇ ನಂಗೆ ಇದಕ್ಕೊಂದು ದಾರಿ ಮಾಡ್ಲೇಬೇಕು ಅನ್ಸಿದ್ದು. ಆಮೇಲೆ ನಡೆದಿದ್ದೆಲ್ಲ ಇಲ್ಲಿ ಬರೀತಾ ಇದೀನಿ, ಸೋತಿದ್ದನ್ನೂ ಸೇರಿಸಿ, ಯಾಕಂದ್ರೆ ಬೇರೆ ಊರವರು ಇದೇ ಕೆಲಸಕ್ಕೆ ಕೈ ಹಾಕೋ ಮುಂಚೆ ನಮ್ಮ ಲೆಕ್ಕ ನೋಡಿದ್ರೆ ಅವರಿಗೆ ಒಂದು ಮಳೆಗಾಲ ಉಳಿಯತ್ತೆ.

ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಒಂದು ಕೇರಿ, ಹನ್ನೊಂದು ಮನೆ. ಎಲ್ರಿಗೂ ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೇಲಿ ಎರಡು ಮೂರು ದನ. ಕರೆಂಟ್ ಲೈನ್ ಇಲ್ಲ ಅಂತಲ್ಲ, ಇದೆ, ನಾಲ್ಕು ಕಿಲೋಮೀಟರ್ ಕಾಡೊಳಗೆ ಹಾದು ಬರ್ತದೆ. ಬೇಸಿಗೇಲಿ ಏನೂ ತೊಂದ್ರೆ ಇಲ್ಲ. ಆರಿದ್ರ ಶುರುವಾದ ಕೂಡ್ಲೆ ಗಾಳಿಗೆ ಒಂದು ಕೊಂಬೆ ಬಿತ್ತು ಅಂದ್ರೆ ಆಯ್ತು, ಲೈನ್‌ಮನ್ ಅಣ್ಣ ಒಬ್ರೇ ಎಷ್ಟೋ ಹಳ್ಳಿ ನೋಡ್ಬೇಕು, ಜಿಗಣೆ ಕಚ್ಚಿಸ್ಕೊಂಡು ಹಳ್ಳ ದಾಟಿ ಬರ್ಬೇಕು, ಅವರು ಬಂದಾಗೆಲ್ಲ ನಮ್ಮನೇಲೇ ಊಟ ಮಾಡಿ ಹೋಗ್ತಾರೆ, ಅವರನ್ನ ಬೈಯೋ ಮನಸ್ಸು ಯಾರಿಗೂ ಇಲ್ಲ. ನಮ್ಮ ತಾಲ್ಲೂಕಿನ ಹುಲಿಕಲ್ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟೋ ಮಳೆ ಅದು, ಎಂಥ ಕಂಬ ಹಾಕಿದ್ರೂ ಒಂದಿನ ಬೀಳ್ತದೆ.

ಆದ್ರೂ ಒಂದು ನೋವು ಇದ್ದೇ ಇದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಶರಾವತಿಯ ದೊಡ್ಡ ಪವರ್ ಹೌಸ್ ಒಂದೇ 1035 ಮೆಗಾವಾಟ್. ನನ್ನ ಅಜ್ಜನ ತಮ್ಮನ ಮನೆ ಆ ನೀರಿನ ಕೆಳಗಿದೆ. ರಾಜ್ಯಕ್ಕೆಲ್ಲ ಬೆಳಕು ಹೋದ ನೆಲದ ಪಕ್ಕದಲ್ಲಿ ಕೂತು ನಾವು ಚಿಮಣಿ ಬುಡ್ಡಿ ಹಚ್ಚೋದು ಅಂದ್ರೆ ಹೊಟ್ಟೆ ಉರಿಯತ್ತೆ.

ಸಿಪ್ಪೆಯಿಂದ ಕರೆಂಟ್ ಮಾಡೋ ಯೋಚ್ನೆ ಬಂದಿದ್ದು ಸುಗ್ಗಿ ಟೈಮಲ್ಲಿ. ಕೊನೆಕೊಯ್ಲು ಮುಗಿದು ಸುಲಿದಾದ್ಮೇಲೆ ಸಿಪ್ಪೆ ರಾಶಿ ರಾಶಿ ಬೀಳತ್ತೆ. ರಸ್ತೆ ಪಕ್ಕ ಸುರಿದು ಬೆಂಕಿ ಹಾಕಿರೋದನ್ನ ಸಾಗರ ರೋಡಲ್ಲಿ ಹೋಗೋರೆಲ್ಲ ನೋಡಿರ್ತೀರ, ವಾರಗಟ್ಟಲೆ ಹೊಗೆ ಆಡ್ತಾ ಇರತ್ತೆ. ಅಷ್ಟು ಶಾಖ ಸುಮ್ನೆ ಹೋಗ್ತಾ ಇದೆಯಲ್ಲ ಅಂತ.

ಇದು ನಮ್ಮ ತಲೇಲಿ ಹುಟ್ಟಿದ ಹೊಸ ವಿಷ್ಯ ಏನಲ್ಲ. ನಮ್ಮ ರಾಜ್ಯದಲ್ಲೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಆಸ್ತ್ರ ಅಂತ ಒಂದು ಗುಂಪು ಕಟ್ಟಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ ಅಂತಾನೇ. ಅವರು ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಊರಲ್ಲಿ ಸಗಣಿ ಗ್ಯಾಸಿಂದ ಎಂಜಿನ್ ಓಡಿಸಿ 1987ರಲ್ಲಿ ಮನೆಗಳಿಗೆ ದೀಪ, ಕುಡಿಯೋ ನೀರು ಕೊಟ್ರು. ಮರು ವರ್ಷ ಅದೇ ತಾಲ್ಲೂಕಿನ ಹೊಸಹಳ್ಳೀಲಿ ಗ್ಯಾಸಿಫೈಯರ್, ಅಂದ್ರೆ ಕಟ್ಟಿಗೆಯಿಂದ ಉರಿಯೋ ಗ್ಯಾಸ್ ಮಾಡೋ ಮೆಷಿನ್ ಹಾಕಿದ್ರು, ಮೊದಲು ಬರೀ 3.7 ಕಿಲೋವಾಟ್, ಆಮೇಲೆ 20. ಕಟ್ಟಿಗೆಗೆ ಅಂತ ಊರಿನ ಜಾಗದಲ್ಲೇ ಗಿಡ ಬೆಳೆಸಿದ್ರು. ಬಿಹಾರದ ಪಶ್ಚಿಮ ಚಂಪಾರಣ್ ಜಿಲ್ಲೆ ತಮ್ಕುಹಾ ಅನ್ನೋ ಹಳ್ಳೀಲಿ ಹಸ್ಕ್ ಪವರ್ ಅನ್ನೋ ಕಂಪನಿ 2007ರ ಆಗಸ್ಟ್ 15ಕ್ಕೆ ಭತ್ತದ ಉಮಿಯಿಂದ ಕರೆಂಟ್ ಶುರು ಮಾಡ್ತು, ಗಂಟೆಗೆ ಸುಮಾರು 50 ಕೆಜಿ ಉಮಿಗೆ 30 ಕಿಲೋವಾಟ್ ಆಸುಪಾಸು. ಇವೆಲ್ಲ ಓದಿ ನಂಗೆ ಬಹಳ ಧೈರ್ಯ ಬಂತು. ಆದ್ರೆ ಆಗ ನಾನು ಒಂದು ವಿಷ್ಯ ಗಮನಿಸ್ಲಿಲ್ಲ, ಹೊಸಹಳ್ಳೀಲಿ ಆ ಮೆಷಿನ್ ದೀಪಕ್ಕೆ ಮಾತ್ರ ಇರ್ಲಿಲ್ಲ, ನೀರಿನ ಪಂಪು, ಹಿಟ್ಟಿನ ಗಿರಣಿ ಎಲ್ಲದಕ್ಕೂ ಇತ್ತು. ಅದು ಯಾಕೆ ಅಂತ ಗೊತ್ತಾಗೋಕೆ ನಮಗೆ ಒಂದು ಇಡೀ ಮಳೆಗಾಲ ಬೇಕಾಯ್ತು.

ಗ್ಯಾಸಿಫೈಯರ್ ಅಂದ್ರೆ ಎಂಥ ಅಂತ ಕೇಳಿದೋರಿಗೆ ನಾನು ಹೇಳೋದು ಹೀಗೆ. ಒಂದು ಉದ್ದನೆ ಕಬ್ಬಿಣದ ಡ್ರಮ್ಮು, ಮೇಲಿಂದ ಒಣಗಿದ ಸಿಪ್ಪೆನೋ ಕಟ್ಟಿಗೆ ಚೂರೋ ತುಂಬೋದು, ಮಧ್ಯದಲ್ಲಿ ಸಣ್ಣ ತೂತುಗಳಿಂದ ಲೆಕ್ಕದ ಗಾಳಿ ಬಿಡೋದು. ಗಾಳಿ ಕಮ್ಮಿ ಇರೋದ್ರಿಂದ ಪೂರ್ತಿ ಸುಡಲ್ಲ, ಅರೆಬರೆ ಸುಟ್ಟು ಕೆಂಡ ಆಗಿ ಅದರಿಂದ ಉರಿಯೋ ಗ್ಯಾಸ್ ಬರತ್ತೆ, ಅದರಲ್ಲಿ ಐದನೇ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್, ಹೆಚ್ಚು ಕಮ್ಮಿ ಅಷ್ಟೇ ಹೈಡ್ರೋಜನ್, ಅರ್ಧದಷ್ಟು ಏನೂ ಉಪಯೋಗ ಇಲ್ಲದ ನೈಟ್ರೋಜನ್. ಈ ಗ್ಯಾಸನ್ನ ಕೆಳಗಡೆ ಕೆಂಪು ಕೆಂಡದ ಮೂಲಕ ಎಳೆದಾಗ ಅದರಲ್ಲಿರೋ ಟಾರ್ ಅನ್ನೋ ಕಪ್ಪು ಅಂಟು ಒಡೆದು ಹೋಗತ್ತೆ, ಆಮೇಲೆ ನೀರಲ್ಲಿ ತೊಳೆದು ತಣ್ಣಗೆ ಮಾಡಿ ಸೋಸಿ ಎಂಜಿನ್‌ಗೆ ಕೊಡೋದು. ಕೆಂಡ ಸಾವಿರ ಡಿಗ್ರಿ ಹತ್ರ ಇರ್ಬೇಕು. ಸಿಪ್ಪೆ ಹಸಿ ಇದ್ರೆ ಕೆಂಡ ತಣ್ಣಗಾಗತ್ತೆ, ಟಾರ್ ಒಡೆಯಲ್ಲ, ಸೀದಾ ಎಂಜಿನ್ ಒಳಗೆ ಹೋಗಿ ಕೂರತ್ತೆ. ಎಲ್ಲಾ ಕಷ್ಟದ ಬೇರು ಇದೊಂದೇ.

ಮೊದಲು ಉಮಿ ಸಿಗತ್ತಾ ಅಂತ ಶಿವಮೊಗ್ಗ ಕಡೆ ಒಂದಿಷ್ಟು ಅಕ್ಕಿ ಮಿಲ್ ಸುತ್ತಿದ್ವಿ. ಭತ್ತದ ತೂಕದಲ್ಲಿ ಸುಮಾರು 20 ಪರ್ಸೆಂಟ್ ಉಮಿ, ಅಂದ್ರೆ ಲೋಡ್‌ಗಟ್ಟಲೆ ಇರ್ಬೇಕು ಅಂದ್ಕೊಂಡಿದ್ವಿ. ಇದೆ, ಆದ್ರೆ ಕುಚ್ಚಲಕ್ಕಿ ಬೇಯಿಸೋ ಬಾಯ್ಲರ್‌ಗೆ ಅವರೇ ಹಾಕ್ತಾರೆ, ಉಳಿದಿದ್ದು ಇಟ್ಟಿಗೆ ಭಟ್ಟಿಯವರು, ಕೋಳಿ ಫಾರಂನವರು ದುಡ್ಡು ಕೊಟ್ಟು ಒಯ್ತಾರೆ. ಅದು ತ್ಯಾಜ್ಯ ಅಂತ ನಾವು ಪೇಪರಲ್ಲಿ ಓದಿದ್ದಷ್ಟೇ, ಅಲ್ಲಿ ಅದು ಮಾಲು. ಸಾಗಣೆ ಸೇರಿಸಿದ್ರೆ ನಮಗೆ ಆಗೋ ಮಾತಲ್ಲ.

ಹಂಗಾಗಿ ನಮ್ಮ ಸಿಪ್ಪೆಗೇ ಬಂದ್ವಿ. ಊರಲ್ಲಿ ಮೀಟಿಂಗ್ ಮಾಡಿ ಎಷ್ಟು ಸಿಗತ್ತೆ ಅಂತ ಲೆಕ್ಕ ಹಾಕ್ತಾ ಇದ್ವಿ, ಗಂಡಸರೆಲ್ಲ ರಾಶಿ ಇದೆ ಬಿಡು ಅಂದ್ರು. ಆಗ ಮೇಲ್ಮನೆ ಅತ್ತಿಗೆ ಒಳಗಿಂದ ಬಂದು, "ಎಲ್ಲಾ ಮೆಷಿನ್‌ಗೆ ಹಾಕಿದ್ರೆ ಮಳೆಗಾಲದಲ್ಲಿ ಬಚ್ಚಲ ಒಲೆಗೆ ನಾವು ಎಂಥ ಹಾಕದು? ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಹೋಗದು ನಮ್ದು" ಅಂತ ಕೇಳಿದ್ರು. ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಬಚ್ಚಲ ಒಲೆಗೆ, ಅಡಿಕೆ ಬೇಯಿಸೋ ಒಲೆಗೆ, ತೋಟದ ಬುಡಕ್ಕೆ ಹಾಕೋಕೆ, ಎಲ್ಲ ಕಳೆದು ಉಳಿದಿದ್ದು ಎಷ್ಟೋ ಅಷ್ಟೇ ಅಂತ ಅವತ್ತು ತೀರ್ಮಾನ ಮಾಡಿದ್ವಿ, ಮತ್ತೆ ಮೆಷಿನ್‌ಗೆ ಕೊಡೋ ಪ್ರತಿ ಒಣ ಚೀಲಕ್ಕೆ ಆ ಮನೆಗೆ 15 ರೂಪಾಯಿ. ನನ್ನ ಪ್ರಕಾರ ಇಡೀ ಯೋಜನೇಲಿ ನಾವು ಮಾಡಿದ ಅತ್ಯಂತ ಸರಿಯಾದ ಕೆಲಸ ಅದು. ಪುರದಲ್ಲೂ ಸಗಣಿ ತಂದು ಕೊಟ್ಟೋರಿಗೆ ಕಾಸು ಕೊಟ್ಟು, ಗ್ಯಾಸ್ ಆದ್ಮೇಲೆ ಉಳಿದ ಬಗ್ಗಡನೂ ಗೊಬ್ಬರಕ್ಕೆ ವಾಪಸ್ ಕೊಡ್ತಿದ್ರಂತೆ.

ಮೆಷಿನ್ ಹೊಸದು ತಗೊಳೋ ಶಕ್ತಿ ಇರ್ಲಿಲ್ಲ. ನಿಂತು ಹೋಗಿದ್ದ ಒಂದು ಸಣ್ಣ ಕಾರ್ಖಾನೆಯಿಂದ ಸೆಕೆಂಡ್ ಹ್ಯಾಂಡ್ ಗ್ಯಾಸಿಫೈಯರ್, ಹತ್ತು ಎಚ್‌ಪಿ ಡೀಸೆಲ್ ಎಂಜಿನ್, ಕರೆಂಟ್ ಹುಟ್ಟಿಸೋಕೆ ಅದಕ್ಕೊಂದು ಆಲ್ಟರ್ನೇಟರ್, ಎಲ್ಲ ಸೇರಿ ಮನೆಗೆ 20 ಸಾವಿರದಂತೆ ಹಾಕಿ ತಂದ್ವಿ. ಶೆಡ್ ನಾವೇ ಕಟ್ಕೊಂಡ್ವಿ, ಅಡಿಕೆ ದಬ್ಬೆ, ಮೇಲೆ ಶೀಟು. ವೈರಿಂಗ್ ಪೂರ್ತಿ ಬೇರೆ ಎಳೆದ್ವಿ, ಪ್ರತಿ ಮನೇಲೂ ಚೇಂಜ್‌ಓವರ್ ಸ್ವಿಚ್, ಅಂದ್ರೆ ಊರ ಲೈನ್ ಇಲ್ಲಾ ನಮ್ಮ ಲೈನ್, ಒಂದು ಸಲಕ್ಕೆ ಒಂದನ್ನೇ ಕೂಡಿಸೋ ಸ್ವಿಚ್. ಇದನ್ನ ದಯವಿಟ್ಟು ಯಾರೂ ಬಿಡಬೇಡಿ. ನಮ್ಮ ಕರೆಂಟ್ ಅಪ್ಪಿತಪ್ಪಿ ಊರ ಲೈನ್‌ಗೆ ಹೋದ್ರೆ ಟ್ರಾನ್ಸ್‌ಫಾರ್ಮರ್ ಹಾದು ಸಾವಿರಾರು ವೋಲ್ಟ್ ಆಗಿ ಕಂಬದ ಮೇಲೆ ಇರೋ ಲೈನ್‌ಮನ್ ಅಣ್ಣನ ಜೀವ ತೆಗೆಯತ್ತೆ.

ಮೊದಲ ಮಳೆಗಾಲ. ಜೂನಲ್ಲಿ ಮೊದಲ ಸಲ ಲೈನ್ ಹೋದಾಗ ಸಂಜೆ ಏಳಕ್ಕೆ ಎಂಜಿನ್ ಶುರು ಮಾಡಿದ್ವಿ, ಡೀಸೆಲಲ್ಲಿ ಸ್ಟಾರ್ಟ್ ಮಾಡಿ ನಿಧಾನ ಗ್ಯಾಸ್ ಬಿಡೋದು, ಗ್ಯಾಸ್ ಏರಿದಂಗೆ ಡೀಸೆಲ್ ತಾನೇ ಕಮ್ಮಿ ಆಗತ್ತೆ, ಮೂರನೇ ಒಂದು ಭಾಗಕ್ಕೆ ಇಳಿಯತ್ತೆ. ಹನ್ನೊಂದು ಮನೇಲೂ ದೀಪ ಹತ್ತಿದಾಗ ಮಕ್ಕಳು ಅಂಗಳಕ್ಕೆ ಬಂದು ಕೂಗಿದ್ದು ಇನ್ನೂ ಕಿವೀಲಿದೆ. ಹನ್ನೆರಡು ದಿನ ಚೆನ್ನಾಗಿ ನಡೀತು.

ಆಮೇಲೆ ಶುರುವಾಯ್ತು. ಜನವರೀಲಿ ಬಿಸಿಲಲ್ಲಿ ಗರಿಗರಿ ಒಣಗಿಸಿ ಚೀಲ ಕಟ್ಟಿದ್ದ ಸಿಪ್ಪೆ ಜುಲೈ ಹೊತ್ತಿಗೆ ಮತ್ತೆ ಮೆತ್ತಗಾಗಿತ್ತು. ನಮ್ಮಲ್ಲಿ ಆಷಾಢದಲ್ಲಿ ಪೆಟ್ಟಿಗೇಲಿರೋ ಬಟ್ಟೆಗೂ ಬೂಷ್ಟು ಬರತ್ತೆ, ಇನ್ನು ಸಿಪ್ಪೆ ಏನು ಲೆಕ್ಕ. ಮೇಲಿಂದ ಸಿಪ್ಪೆ ಅಂದ್ರೆ ನಾರು ನಾರು, ಡ್ರಮ್ಮೊಳಗೆ ಒಂದಕ್ಕೊಂದು ಹೆಣ್ಕೊಂಡು ಗೂಡು ಕಟ್ಟಿ ಮೇಲೇ ನಿಂತು ಬಿಡತ್ತೆ, ಕೆಳಗೆ ಕೆಂಡ ಖಾಲಿ. ಸರಳು ಹಾಕಿ ಚುಚ್ಚಿ ಇಳಿಸ್ಬೇಕು. ಹಿಂಗೆ ನಾಲ್ಕು ದಿನ ಒದ್ದಾಡಿ ಐದನೇ ದಿನ ಎಂಜಿನ್ ವಾಲ್ವ್ ಅಂಟ್ಕೊಂಡು ನಿಂತೇ ಹೋಯ್ತು. ಬಿಚ್ಚಿ ನೋಡಿದ್ರೆ ಒಳಗೆಲ್ಲ ಹಲಸಿನ ಮೇಣದಂಥ ಕಪ್ಪು ಅಂಟು. ಮಾರಿದೋರಿಗೆ ಫೋನ್ ಮಾಡಿದ್ರೆ, ಅದು ಕಟ್ಟಿಗೆ ಚೂರಿಗೆ ಅಂತ ಮಾಡಿದ ಮೆಷಿನ್ನು, ಅಡಿಕೆ ಸಿಪ್ಪೆ ಹಾಕ್ಬೋದು ಅಂತ ನಾವ್ಯಾವಾಗ ಹೇಳಿದ್ವಿ ಅಂದ್ರು. ತಗೊಳೋವಾಗ ಬರ್ದು ಕೊಡಿ ಅಂತ ಕೇಳಿದ್ರೆ ಆಗಿತ್ತು, ಕೇಳಿರ್ಲಿಲ್ಲ.

ಅದೇ ವಾರದಲ್ಲಿ ಇನ್ನೊಂದು ಆಯ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ನಡುಗತ್ತೆ. ಎರಚಲು ಬರ್ತದೆ ಅಂತ ಶೆಡ್ಡಿನ ಎರಡು ಕಡೆ ಟಾರ್ಪಾಲ್ ಕಟ್ಟಿದ್ವಿ. ಮೆಷಿನ್ ನೋಡ್ಕೊಳ್ತಿದ್ದ ಹುಡುಗ ಒಳಗೆ ಕೂತಿದ್ದ, ತಲೆನೋವು ಅಂದ, ಎದ್ದು ನಿಂತವನು ಹಂಗೇ ಕುಸಿದ. ಹೊರಗೆ ಎಳ್ಕೊಂಡು ಬಂದು ಗಾಳಿಗೆ ಮಲಗಿಸಿ ಜೀಪಲ್ಲಿ ಆಸ್ಪತ್ರೆಗೆ ಒಯ್ದ್ವಿ, ಉಳ್ಕೊಂಡ. ಪೈಪಿನ ಒಂದು ಜಾಯಿಂಟಲ್ಲಿ ಗ್ಯಾಸ್ ಸೋರ್ತಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ, ರಕ್ತಕ್ಕೆ ಸೇರಿ ಆಕ್ಸಿಜನ್ ಜಾಗ ಹಿಡ್ಕೊಂಡು ಬಿಡತ್ತೆ. ಅವತ್ತಿಂದ ಶೆಡ್ಡು ನಾಲ್ಕೂ ಕಡೆ ಬಯಲು, ಮಾಡು ಮಾತ್ರ ಉದ್ದಕ್ಕೆ ಇಳಿಸಿದೀವಿ, ಗೋಡೆ ಕಟ್ಟೋ ಮಾತೇ ಇಲ್ಲ, ಒಬ್ಬನೇ ಯಾವತ್ತೂ ಇರೋ ಹಂಗಿಲ್ಲ.

ಈಗ ದುಡ್ಡಿನ ಲೆಕ್ಕ. ಸಂಜೆ ನಾಲ್ಕು ಗಂಟೆ ಓಡಿಸಿದ್ರೆ ಹತ್ತು ಯೂನಿಟ್ ಆಸುಪಾಸು. ಅದಕ್ಕೆ ಡೀಸೆಲ್ ಒಂದೂಕಾಲು ಲೀಟರ್, 110 ರೂಪಾಯಿ. ಹುಡುಗನ ಸಂಬಳ 200. ಆಯಿಲ್, ಫಿಲ್ಟರ್, ಬೆಲ್ಟು ಅಂತ 30. ಒಟ್ಟು 340, ಅಂದ್ರೆ ಯೂನಿಟ್ಟಿಗೆ 34 ರೂಪಾಯಿ. ಸಿಪ್ಪೆಯ ಕಾಸು ಇನ್ನೂ ಸೇರಿಸಿಲ್ಲ. ಬರೀ ಡೀಸೆಲಲ್ಲೇ ಜನರೇಟರ್ ಓಡಿಸಿದ್ರೂ ನಾಲ್ಕು ಲೀಟರ್, ಯೂನಿಟ್ಟಿಗೆ 35 ಬೀಳ್ತಿತ್ತು. ದೀಪಾವಳಿ ಮೀಟಿಂಗಲ್ಲಿ ಈ ಲೆಕ್ಕ ಓದಿದಾಗ ಯಾರೂ ಮಾತಾಡ್ಲಿಲ್ಲ. ಇಷ್ಟು ಕಷ್ಟಪಟ್ಟು ಉಳಿಸಿದ್ದು ಒಂದು ರೂಪಾಯಿ, ಸಿಪ್ಪೆ ಕಾಸು ಸೇರಿಸಿದ್ರೆ ಅದೂ ಇಲ್ಲ. ಎರಡು ಮನೆಯವರು ದುಡ್ಡು ವಾಪಸ್ ಕೇಳಿದ್ರು, ಕೇಳಿದ್ದು ತಪ್ಪಲ್ಲ.

ನಾನು ರಾತ್ರಿ ಎಲ್ಲ ಆ ಕಾಗದ ಇಟ್ಕೊಂಡು ಕೂತಿದ್ದೆ. ದೊಡ್ಡ ಖರ್ಚು ಸಿಪ್ಪೇದಲ್ಲ, ಮೆಷಿನ್ನಿಂದೂ ಅಲ್ಲ, ಪಕ್ಕದಲ್ಲಿ ನಿಲ್ಲೋ ಮನುಷ್ಯಂದು. ಹತ್ತು ಯೂನಿಟ್ಟಿಗೂ ಸಂಬಳಕ್ಕೆ ಒಬ್ಬ ಬೇಕು, ಮೂವತ್ತಕ್ಕೂ ಸಂಬಳದೋನು ಒಬ್ಬನೇ ಸಾಕು. ಹೊಸಹಳ್ಳೀಲಿ ಗಿರಣಿ, ಪಂಪು ಯಾಕಿತ್ತು ಅಂತ ಆಗ ಗೊತ್ತಾಯ್ತು. ದೀಪ ಅಂದ್ರೆ ಸಂಜೆ ನಾಲ್ಕು ಗಂಟೆ, ಅದೂ ಎಲ್‌ಇಡಿ ಬಂದ್ಮೇಲೆ ಅದು ಕುಡಿಯೋ ಕರೆಂಟ್ ಏನೇನೂ ಅಲ್ಲ. ಹಗಲು ಕೆಲಸ ಇಲ್ಲದ ಮೆಷಿನ್ನು ಯಾವ ಕಾಲಕ್ಕೂ ಅಗ್ಗ ಆಗಲ್ಲ.

ಹಂಗಾದ್ರೆ ಮಳೆಗಾಲದ ಹಗಲಲ್ಲಿ ನಮಗೆ ಎಂಥಕ್ಕೆ ಕರೆಂಟ್ ಬೇಕು ಅಂತ ಮನೆ ಮನೆ ಕೇಳಿದ್ವಿ. ಮೊದಲನೇದು ಅಡಿಕೆ ಕೊಳೆರೋಗದ ಔಷಧಿ. ಮಳೆ ಒಂದು ಅರ್ಧ ದಿನ ಹೊಳವು ಕೊಟ್ಟಾಗ ಬೋರ್ಡೋ ದ್ರಾವಣ ಹೊಡೆದು ಮುಗಿಸ್ಬೇಕು, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದನ್ನ ಮೇಲಕ್ಕೆ ಹೊಡೆಯೋ ಪಂಪಿಗೆ ಎಲ್ರೂ ಪೆಟ್ರೋಲ್ ಸುಡ್ತಿದ್ವಿ. ಆಮೇಲೆ ದನಕ್ಕೆ ಮೇವು ಕತ್ತರಿಸೋ ಮೆಷಿನ್ನು. ಆಮೇಲೆ ಹಿಟ್ಟು, ಮಳೇಲಿ ಪೇಟೆಗೆ ಹೋಗಿ ಬೀಸಿಸ್ಕೊಂಡು ಬರೋದಂದ್ರೆ ಅರ್ಧ ದಿನ ಹೋಗತ್ತೆ. ಒಂದು ಹಳೇ ಗಿರಣಿ ತಂದು ಶೆಡ್ ಪಕ್ಕದಲ್ಲೇ ಕೂರಿಸಿದ್ವಿ. ಎರಡು ಮೂರು ಕಿಲೋಮೀಟರ್ ಆಚೆ ಕೇರಿಯವರೂ ಅಕ್ಕಿ, ರಾಗಿ ಹೊತ್ಕೊಂಡು ಬರೋಕೆ ಶುರು ಮಾಡಿದ್ರು.

ಎರಡನೇ ಬದಲಾವಣೆ ಎಂಜಿನ್ನಿಂದು. ಶಿವಮೊಗ್ಗದ ಒಬ್ರು ಮೇಸ್ತ್ರಿ ಡೀಸೆಲ್ ಚಿಮ್ಮೋ ಇಂಜೆಕ್ಟರ್ ತೆಗೆದು ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ ಕೂರಿಸಿ, ಕಂಪ್ರೆಷನ್ ಇಳಿಸಿ ಪೂರ್ತಿ ಗ್ಯಾಸಲ್ಲೇ ಓಡೋ ಹಂಗೆ ಮಾಡಿ ಕೊಟ್ರು. ತಾಕತ್ತು ಕಮ್ಮಿ ಆಯ್ತು, ಈಗ ನಾಲ್ಕು ಕಿಲೋವಾಟ್ ಮೇಲೆ ಎಳೆಯಲ್ಲ, ಗಿರಣಿ ಓಡೋವಾಗ ಬೇರೇದು ಬಂದ್ ಮಾಡ್ಬೇಕು. ಆದ್ರೆ ಡೀಸೆಲ್ ಖರ್ಚು ಸೊನ್ನೆ.

ಮೂರನೇದು, ಸಿಪ್ಪೆ ಒಣಗಿಸೋದು. ಇದಕ್ಕೆ ದಾರಿ ಹೇಳಿದ್ದು ನಮ್ಮಜ್ಜ, ತೊಂಬತ್ತರ ಹತ್ರ ವಯಸ್ಸು. "ಹೊಗೆ ಅಟ್ಟ ಮಾಡ್ರೋ, ನಮ್ ಕಾಲದಲ್ಲಿ ಮಳೆಗಾಲದ ಕಟ್ಟಿಗೆ ಒಲೆ ಮೇಲಿನ ಅಟ್ಟದಲ್ಲೇ ಇರ್ತಿತ್ತು" ಅಂದ್ರು. ಎಂಜಿನ್ನಿನ ಸೈಲೆನ್ಸರ್ ಪೈಪನ್ನ ಉದ್ದ ಮಾಡಿ ಒಂದು ಜಾಲರಿ ಅಟ್ಟದ ಕೆಳಗೆ ಹಾಯಿಸಿ, ಹೊಗೆ ಮಾತ್ರ ಆ ಕಡೆ ಹೊರಗೆ ಹೋಗೋ ಹಂಗೆ ಮಾಡಿದ್ವಿ. ಇವತ್ತು ಓಡೋವಾಗ ನಾಳೇದು ಒಣಗತ್ತೆ. ಕೈಲಿ ಹಿಚುಕಿದ್ರೆ ಪಟಪಟ ಮುರೀಬೇಕು, ಅಷ್ಟಾದ್ರೆ ಹದ. ಮತ್ತೆ ಬರೀ ಸಿಪ್ಪೆ ಹಾಕಲ್ಲ, ಅರ್ಧಕ್ಕರ್ಧ ಅಕೇಶಿಯ ಚೂರು, ಕಾಯಿ ಗರಟೆ ಸೇರಿಸ್ತೀವಿ, ಗಟ್ಟಿ ತುಂಡು ಮಧ್ಯ ಇದ್ರೆ ನಾರು ಗೂಡು ಕಟ್ಟಲ್ಲ. ಯೂನಿಟ್ಟಿಗೆ ಎರಡು ಕೆಜಿ ಹತ್ರ ಬೇಕಾಗತ್ತೆ, ಹೊಸ ಮೆಷಿನ್ನಿಗೆ ಇದಕ್ಕಿಂತ ಕಮ್ಮಿ ಸಾಕು.

ಎರಡನೇ ಮಳೆಗಾಲದಲ್ಲಿ ಹಗಲು ಸಂಜೆ ಸೇರಿ ದಿನಕ್ಕೆ 25 ಯೂನಿಟ್. ಹುಡುಗನಿಗೆ 300, ರಿಪೇರಿಗೆ 60, ಯೂನಿಟ್ಟಿಗೆ 14 ರೂಪಾಯಿ ಚಿಲ್ಲರೆ, ಸಿಪ್ಪೆ ಗರಟೆ ಕಾಸು ಸೇರಿಸಿದ್ರೆ 17, 18. ಊರ ಲೈನಿನ ರೇಟಿಗೆ ಇದು ಎಲ್ಲೂ ಸಮ ಅಲ್ಲ, ಯಾರಾದ್ರೂ ಪುಕ್ಕಟೆ ಕರೆಂಟ್ ಅಂತ ಹೇಳಿದ್ರೆ ನಂಬಬೇಡಿ. ಆದ್ರೆ ಡೀಸೆಲಿಗಿಂತ ಅರ್ಧಕ್ಕೆ ಅರ್ಧ, ಆ ದುಡ್ಡು ನಮ್ಮ ಕೇರೀಲೇ ಉಳಿಯತ್ತೆ. ದುಡ್ಡು ವಾಪಸ್ ಕೇಳಿದ ಎರಡೂ ಮನೆಯವರು ಉಳ್ಕೊಂಡ್ರು.

ಹಂಚೋ ವಿಷ್ಯದಲ್ಲಿ ಜಗಳ ಆಯ್ತು. ಮೊದಲು ಮನೆಗೆ ತಿಂಗಳಿಗೆ ಇಷ್ಟು ಅಂತ ಇಟ್ಟಿದ್ವಿ, ಒಬ್ರ ಮನೇಲಿ ಇಸ್ತ್ರಿಪೆಟ್ಟಿಗೆ ಹಾಕಿ ಇಡೀ ಕೇರಿ ದೀಪ ಮಂಕಾಯ್ತು. ಈಗ ಮೀಟರ್ ಇದೆ, ಜೊತೆಗೆ ಜಾಸ್ತಿ ಎಳೆದ್ರೆ ಆ ಮನೇದಷ್ಟೇ ಟ್ರಿಪ್ ಆಗತ್ತೆ. ಅಜ್ಜಿ ಮನೆ ಫ್ರಿಜ್ಜಿಗೆ ಮಾತ್ರ ಹಗಲು ರಾತ್ರಿ ಎರಡೂ ಹೊತ್ತು ಲೈನ್ ಬಿಡೋದು ಅಂತ ಎಲ್ರೂ ಒಪ್ಪಿ ಬರ್ದಿದೀವಿ.

ಇನ್ನೂ ಬಗೆಹರಿಯದೇ ಇರೋದು ಕಪ್ಪು ನೀರು. ಗ್ಯಾಸ್ ತೊಳೆದ ನೀರಲ್ಲಿ ಟಾರ್, ಫೀನಾಲ್ ಅನ್ನೋ ವಿಷ ಎಲ್ಲ ಇರತ್ತೆ, ಹಳ್ಳಕ್ಕೆ ಬಿಟ್ರೆ ಮೀನು ಸಾಯತ್ತೆ, ಆ ಹಳ್ಳದ ನೀರೇ ಕೆಳಗಿನ ಊರಿನವರು ಕುಡಿಯೋದು. ಮರಳು, ಇದ್ದಿಲು ತುಂಬಿದ ಗುಂಡಿ ಮಾಡಿ, ಸಿಮೆಂಟ್ ತೊಟ್ಟಿ ಕಟ್ಟಿ ಅದೇ ನೀರನ್ನ ತಿರುಗಾ ಮುರುಗಾ ಬಳಸ್ತಾ ಇದೀವಿ, ಗುಂಡಿಯಿಂದ ತೆಗೆದ ಇದ್ದಿಲನ್ನ ಒಣಗಿಸಿ ಮತ್ತೆ ಮೆಷಿನ್ನಿಗೇ ಹಾಕ್ತೀವಿ. ಆದ್ರೂ ಆಷಾಢದ ಮಳೆಗೆ ತೊಟ್ಟಿ ಉಕ್ಕಿದ್ರೆ ಅನ್ನೋ ಭಯಕ್ಕೆ ಎಷ್ಟೋ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ನೋಡಿ ಬಂದಿದೀನಿ. ಮೆಷಿನ್ ತಗೊಳೋರು ನೀರಿಲ್ಲದೇ ಗ್ಯಾಸ್ ಸೋಸೋ ಒಣ ಫಿಲ್ಟರ್ ಇರೋದನ್ನೇ ತಗೊಳ್ಳಿ, ದುಡ್ಡು ಜಾಸ್ತಿ ಆದ್ರೂ.

ಸೋಲಾರ್ ಯಾಕೆ ಹಾಕ್ಲಿಲ್ಲ ಅಂತ ಬಹಳ ಜನ ಕೇಳ್ತಾರೆ. ಮೂರು ಮನೆಯವರು ಹಾಕಿದಾರೆ, ದೀಪಕ್ಕೆ, ಫೋನಿಗೆ ಅದೇ ಒಳ್ಳೇದು, ಯಾರೂ ಪಕ್ಕದಲ್ಲಿ ನಿಲ್ಲೋದು ಬೇಡ. ಬರೀ ದೀಪ ಸಾಕು ಅನ್ನೋ ಊರಿಗೆ ನಾನು ಗ್ಯಾಸಿಫೈಯರ್ ಬೇಡ ಅಂತಾನೇ ಹೇಳ್ತೀನಿ. ಆದ್ರೆ ಹದಿನೈದು ದಿನ ಸೂರ್ಯ ಕಾಣದ ಪುಷ್ಯ ಮಳೇಲಿ ಗಿರಣಿ ಓಡ್ಬೇಕು, ಔಷಧಿ ಪಂಪ್ ಓಡ್ಬೇಕು ಅಂದ್ರೆ ನಮಗೆ ಸಿಪ್ಪೆನೇ ಆಗ್ಬೇಕು.

ಮೂರನೇ ಮಳೆಗಾಲ ಮುಗೀತು, ಒಟ್ಟು ನಲವತ್ತು ದಿನದಷ್ಟು ಓಡಿಸಿದ್ವಿ, ಎಂಜಿನ್ ಒಂದೇ ಸಲ ಬಿಚ್ಚಿದ್ದು. ಮೆಷಿನ್ ನೋಡ್ಕೊಳ್ತಿದ್ದ ಹುಡುಗ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೊರಟ, ಕುಸಿದು ಬಿದ್ದಿದ್ದೋನು ಅವನೇ, ಅಷ್ಟಾದ್ರೂ ಎರಡು ವರ್ಷ ಬಿಡದೇ ನಿಂತ. ಹೋಗೋ ಮುಂಚೆ ಮೇಲ್ಮನೆ ಅತ್ತಿಗೆಗೆ ಕೆಲಸ ಕಲಿಸಿ ಹೋಗಿದಾನೆ, ಬಚ್ಚಲ ಒಲೆ ಪ್ರಶ್ನೆ ಕೇಳಿದ್ರಲ್ಲ, ಅವರಿಗೇ. ಸಿಪ್ಪೆ ಹದ ಅವರು ಕೈಲಿ ಮುಟ್ಟೋದೂ ಬೇಡ, ಚೀಲ ಅಲ್ಲಾಡಿಸಿದ ಸದ್ದಲ್ಲೇ ಹೇಳ್ತಾರೆ. ಈಗ ಕೊನೆಕೊಯ್ಲು ಶುರುವಾಗಿದೆ, ಬರೋ ವರ್ಷಕ್ಕೆ 220 ಚೀಲ ಬೇಕು ಅಂತ ಅವರೇ ಗೋಡೆ ಮೇಲೆ ಇದ್ದಿಲಲ್ಲಿ ಬರ್ದಿದಾರೆ, ನಿನ್ನೆ ಸಂಜೆಗೆ 37 ಆಗಿತ್ತು.